ಫೋನ್ ಇಟ್ಟುಬಿಡು, ಅಕ್ಕ

ಬೀದಿಯವರಿಗೆಲ್ಲ ಅವಳು ಬೈಂಡಿಂಗ್ ಅಕ್ಕ. ಒಂದು ಕಡೆ ಝೆರಾಕ್ಸ್ ಅಂಗಡಿ, ಇನ್ನೊಂದು ಕಡೆ ಕನ್ನಡಕದ ಅಂಗಡಿ, ಇವೆರಡರ ನಡುವೆ ರೈಲು ಡಬ್ಬಿಯ ಹಾಗೆ ಉದ್ದಕ್ಕಿದ್ದ ಕೋಣೆಯಲ್ಲಿ ಮೂವತ್ತು ವರ್ಷದಿಂದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದಳು. ಕಚೇರಿಗಳ ದಪ್ಪ ರಿಜಿಸ್ಟರೇ ಬರಲಿ, ಲೈಬ್ರರಿಯಿಂದ ಬೆನ್ನು ಮುರಿದುಕೊಂಡ ಹಳೇ ಪುಸ್ತಕವೇ ಬರಲಿ, ಹಾಳೆ ಬಿಡಿಸಿ, ದಬ್ಬಳದಿಂದ ತೂತು ಹಾಕಿ, ಮೇಣ ಸವರಿದ ದಾರದಲ್ಲಿ ಹೊಲಿದು ಕೊಟ್ಟಳೆಂದರೆ ಮುಗಿಯಿತು. ಅಕ್ಕ ಕಟ್ಟಿದ ಪುಸ್ತಕವನ್ನು ಎತ್ತಿ ಗೋಡೆಗೆ ಎಸೆದರೂ ಒಂದು ಹಾಳೆ ಅಲ್ಲಾಡುವುದಿಲ್ಲ ಎಂದು ಝೆರಾಕ್ಸ್‌ನವನು ಗಿರಾಕಿಗಳೆದುರು ಜಂಬ ಕೊಚ್ಚುತ್ತಿದ್ದ, ತಾನೇ ಕೂತು ಹೊಲಿದವನಂತೆ.

ಅವಳಿಗೆ ತನ್ನವನು ಅಂತ ಇದ್ದವನು ಒಬ್ಬ ತಮ್ಮ. ಅಮ್ಮ ತೀರಿಕೊಂಡಾಗ ಅವಳಿಗೆ ಹದಿನೇಳು, ಅವನಿಗೆ ಒಂಬತ್ತು. ಪಕ್ಕೆಲುಬು ಎಣಿಸಬಹುದಾದಷ್ಟು ಸಣಕಲು ಹುಡುಗ. ಅದಕ್ಕೇ ಅವನಿಗೆ ಕಡ್ಡಿ ಎಂದು ಹೆಸರು ಬಿತ್ತು. ನಲವತ್ತಾರು ವರ್ಷವಾಗಿ, ತಲೆ ನರೆತು, ಲಿಫ್ಟ್ ಕಂಪನಿಯಲ್ಲಿ ಹಿರಿಯ ಮೆಕ್ಯಾನಿಕ್ ಅನ್ನಿಸಿಕೊಂಡ ಮೇಲೂ ಅಕ್ಕನ ಬಾಯಲ್ಲಿ ಅವನು ಕಡ್ಡಿಯೇ. ಅವಳಿಗೆ ಎರಡು ಸಲ ಮದುವೆಯ ಮಾತು ಬಂದು, ಎರಡು ಸಲವೂ ‘ತಮ್ಮ ಜೊತೆಗೇ ಇರ್ತಾನಾ?’ ಎಂಬಲ್ಲಿಗೆ ನಿಂತುಹೋಗಿತ್ತು. ಅವನೂ ಯಾಕೋ ಆ ದಾರಿಗೆ ಹೋಗಲಿಲ್ಲ. ಕೆಲಸಕ್ಕೆ ಹತ್ತಿರವಾಗಲಿ ಎಂದು ಊರಿನ ಇನ್ನೊಂದು ತುದಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದ. ಭಾನುವಾರ ಊಟಕ್ಕೆ ಅಕ್ಕನ ಮನೆ, ನಡುವೆ ಒಂದೆರಡು ಸಂಜೆ ಟೀಗೆ ಅಕ್ಕನ ಅಂಗಡಿ. ಇಬ್ಬರ ಲೋಕವೂ ಅಷ್ಟೇ.

ಅಕ್ಕ ಮೋಸಹೋದದ್ದು ಎರಡು ವರ್ಷದ ಹಿಂದೆ. ಒಂದು ದಿನ ಬೆಳಿಗ್ಗೆ ಫೋನ್ ಬಂತು. ಹೆಣ್ಣುದನಿ, ಕೇಳಿದರೆ ಕೇಳುತ್ತಲೇ ಇರಬೇಕು ಅನ್ನಿಸುವಂಥದು. ಯಂತ್ರಗಳ ಪ್ರದರ್ಶನ ಮುಗಿದಿದೆಯಂತೆ, ಹಾಳೆ ಕತ್ತರಿಸುವ ಹೊಸ ಮೆಷಿನ್ ಮೂರೇ ಮೂರು ಉಳಿದಿವೆಯಂತೆ, ವಾಪಸ್ಸು ಸಾಗಿಸುವ ಬದಲು ಅರ್ಧ ಬೆಲೆಗೆ ಕೊಡುತ್ತಾರಂತೆ. ಅಕ್ಕ ಮೊದಲು ಬೇಡ ಅಂದಳು. ಆ ಹೆಣ್ಣು ಮಗಳು ಫೋನ್ ಇಡಲಿಲ್ಲ. “ಹಳೇ ಮೆಷಿನ್ ಚಕ್ರ ತಿರುಗಿಸಿ ತಿರುಗಿಸಿ ಭುಜ ನೋಯಲ್ವಾ ಅಕ್ಕಾ?” ಎಂದು ಕೇಳಿದಳು. ಆ ಭುಜದ ನೋವನ್ನು ಅಕ್ಕ ತಮ್ಮನಿಗೂ ಹೇಳಿರಲಿಲ್ಲ.

ಮೊದಲು ಮುಂಗಡ ಕೇಳಿದರು. ಎರಡು ದಿನ ಬಿಟ್ಟು ಲಾರಿ ಬಾಡಿಗೆ, ಆಮೇಲೆ ತೆರಿಗೆ, ಆಮೇಲೆ ದಾರಿಯಲ್ಲಿ ಜಖಂ ಆದರೆ ಇರಲಿ ಎಂದು ವಿಮೆ. ಪ್ರತಿ ಸಲವೂ ಅದೇ ಸಕ್ಕರೆಯಂಥ ‘ಅಕ್ಕಾ’. ಹೊಸತು ಬಂದರೆ ಇಡಲು ಜಾಗ ಬೇಕಲ್ಲ ಎಂದು ಅಕ್ಕ ಹಳೇ ಮೆಷಿನ್ನನ್ನು ಬುಡಸಮೇತ ಕೀಳಿಸಿ ಗುಜರಿಯವನಿಗೆ ಹಾಕಿಬಿಟ್ಟಳು. ನೆಲ ತೊಳೆದಳು. ಲಾರಿ ಬರುವ ದಿನ ಹೊಸ ಸೀರೆ ಉಟ್ಟು ಬಾಗಿಲಲ್ಲಿ ಕೂತಳು. ಸಂಜೆಯವರೆಗೂ ಕೂತಳು. ಫೋನ್ ಮಾಡಿದರೆ ಆ ನಂಬರೇ ಇಲ್ಲ ಎಂದಿತು.

ಭಾನುವಾರ ಅವಳು ಊಟಕ್ಕೆ ಕರೆಯದೇ ಇದ್ದದ್ದು ಕಂಡು ಕಡ್ಡಿ ಸೋಮವಾರ ತಾನೇ ಅಂಗಡಿಗೆ ಬಂದ. ಮೆಷಿನ್ ಇದ್ದ ಜಾಗದಲ್ಲಿ ಬೋಲ್ಟು ಕಿತ್ತ ನಾಲ್ಕು ತೂತು ಕಂಡವು. ಅವನು ಬೈಯಲಿಲ್ಲ. ‘ಅಷ್ಟೂ ಬುದ್ಧಿ ಬೇಡವಾ’ ಎಂದು ಕೇಳಲಿಲ್ಲ. ಸ್ಟೂಲ್ ಎಳೆದುಕೊಂಡು ಎದುರಿಗೆ ಕೂತು, “ಮೊದಲಿಂದ ಹೇಳು,” ಎಂದ.

ಅಕ್ಕ ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅತ್ತಳು. “ದುಡ್ಡು ಹೋಯ್ತು ಅಂತಲ್ಲ ಕಣೋ. ಅಮ್ಮ ಹೇಗೆ ಸತ್ಲು, ನಿನ್ನ ಹೇಗೆ ಸಾಕಿದೆ, ಎಲ್ಲಾ ಅವಳ ಹತ್ರ ಹೇಳ್ಕೊಂಡೆ. ಅವಳು ಹೂಂ ಹೂಂ ಅಂತ ಕೇಳ್ತಿದ್ಲು. ನನ್ನ ಮಾತನ್ನ ಅಷ್ಟು ಹೊತ್ತು ಯಾರೂ ಕೇಳಿರ್ಲಿಲ್ಲ.”

ಆ ಮಾತು ಕಡ್ಡಿಗೆ ನಾಟಿತು. ಅವನು ಕೇಳಿರಲಿಲ್ಲವಲ್ಲ.

ಪೊಲೀಸ್ ಠಾಣೆಗೆ ಹೋಗಿ ದೂರು ಬರೆಸಿದರು. ಅಲ್ಲಿಂದ ಏನೂ ಹುಟ್ಟಲಿಲ್ಲ. ಕಡ್ಡಿ ಎಲ್ಲಿಂದಲೋ ಕೈಯಲ್ಲಿ ಎಳೆಯುವ ಹಳೇ ಕತ್ತರಿ ಮೆಷಿನ್ ಒಂದನ್ನು ಹುಡುಕಿ ತಂದು, ಅದೇ ನಾಲ್ಕು ತೂತಿಗೆ ಕೂರಿಸಿ, ಅಕ್ಕನ ಭುಜಕ್ಕೆ ಭಾರ ಬೀಳದ ಹಾಗೆ ಹಿಡಿಕೆಗೆ ಉದ್ದನೆಯ ಕೊಳವೆ ಬೆಸೆದು ಕೊಟ್ಟ. ಆಮೇಲೆ ಅವಳಿಗೆ ಪಾಠ ಹೇಳಲು ಶುರುಮಾಡಿದ.

ಗೊತ್ತಿಲ್ಲದ ನಂಬರಿನಿಂದ ಬಂದರೆ ಹಲೋ ಒಂದೇ ಮಾತು. ಊರು ಕೇರಿ ಹೆಸರು ಏನೂ ಹೇಳಕೂಡದು. ಯಾರಾದರೂ ‘ಇವತ್ತೇ, ಈಗಲೇ’ ಎಂದು ಅವಸರ ಮಾಡಿದರೆ ಅವರು ಕಳ್ಳರು ಎಂದೇ ಲೆಕ್ಕ. ದುಡ್ಡಿನ ಮಾತು ಬಂತೋ, ನಡುವೆಯೇ ಕತ್ತರಿಸು. “ಮರ್ಯಾದೆ ನೋಡ್ಬೇಡ ಅಕ್ಕ. ನಿನ್ನ ಸಮಸ್ಯೆ ಅದೇ. ಎದುರಿಗಿರೋರು ಬೇಜಾರು ಮಾಡ್ಕೊಂಡಾರು ಅಂತ ಕೇಳ್ತಾ ಕೂರ್ತೀಯ. ಇಟ್ಟುಬಿಡು. ನಿಜವಾಗ್ಲೂ ಬೇಕಾದೋರು ಮನೆ ಬಾಗಿಲಿಗೆ ಬರ್ತಾರೆ.”

ಪಾಠ ಹೇಳಿದರೆ ಸಾಲದು, ಪರೀಕ್ಷೆಯೂ ಇರಬೇಕು ಎಂದು ಅವನಿಗೆ ಹೊಳೆಯಿತು. ಲಿಫ್ಟ್ ರಿಪೇರಿಗೆ ಹೋದ ಕಟ್ಟಡಗಳಲ್ಲಿ ವಾಚ್‌ಮನ್‌ಗಳ ಫೋನ್ ಇಸಿದುಕೊಂಡು, ದನಿ ಬದಲಿಸಿ ಅಕ್ಕನಿಗೆ ಮಾಡುತ್ತಿದ್ದ. ಒಂದು ದಿನ ಬ್ಯಾಂಕ್ ಮ್ಯಾನೇಜರು, ಇನ್ನೊಂದು ದಿನ ಮಂಡಿ ನೋವಿನ ಎಣ್ಣೆ ಮಾರುವ ಮುದುಕ. ಮೊದಲ ಸಲ ಅಕ್ಕ ಹುಟ್ಟಿದ ತಾರೀಕಿನವರೆಗೂ ಹೇಳಿಬಿಟ್ಟಿದ್ದಳು. ಸಂಜೆ ಅವನು ಮುಖ ಸಣ್ಣದು ಮಾಡಿಕೊಂಡು ಬಂದ. ಸೋತವರು ಟೀ ಕೊಡಿಸಬೇಕು ಎಂದು ಕರಾರಾಯಿತು. ನಾಲ್ಕೈದು ಟೀ ಕೊಡಿಸಿದ ಮೇಲೆ ಅಕ್ಕ ಚುರುಕಾದಳು. ಎಷ್ಟು ಚುರುಕಾದಳೆಂದರೆ, ಒಮ್ಮೆ ನಿಜವಾದ ಬ್ಯಾಂಕಿನವರೇ ಫೋನ್ ಮಾಡಿದಾಗ “ಮೂಗು ಹಿಡ್ಕೊಂಡು ಮಾತಾಡಿದ್ರೆ ಗೊತ್ತಾಗಲ್ಲ ಅನ್ಕೊಂಡ್ಯಾ, ಕೋತಿ!” ಎಂದು ಬೈದು ಇಟ್ಟಿದ್ದಳು. ಆ ಅಧಿಕಾರಿಗೆ ನಿಜಕ್ಕೂ ನೆಗಡಿಯಾಗಿತ್ತಂತೆ. ಆ ಕಥೆಯನ್ನು ಅಕ್ಕ ತಮ್ಮ ಇಬ್ಬರೂ ತಿಂಗಳುಗಟ್ಟಲೆ ಹೇಳಿಕೊಂಡು ನಕ್ಕರು. ಇಬ್ಬರೂ ಇಷ್ಟು ಮಾತಾಡಿಕೊಂಡದ್ದು, ಇಷ್ಟು ನಕ್ಕದ್ದು ಎಷ್ಟೋ ವರ್ಷದ ಮೇಲೆ.

ಒಂದು ಸಲ ಮಾತ್ರ ಆಟ ಕೆಟ್ಟಿತು.

ಅವತ್ತು ಫೋನ್ ಮಾಡಿದ್ದು ಒಬ್ಬ ಹೆಂಗಸು. ಆಸ್ಪತ್ರೆಯ ನರ್ಸ್ ಎಂದಳು. “ನಿಮ್ಮ ತಮ್ಮ ಲಿಫ್ಟ್ ಗುಂಡಿಗೆ ಬಿದ್ದಿದ್ದಾರೆ, ಆಪರೇಷನ್ನಿಗೆ ದುಡ್ಡು ಕಳಿಸಿ,” ಎಂದಳು. ಅಕ್ಕ ದುಡ್ಡನ್ನೂ ಕಳಿಸಲಿಲ್ಲ, ಏನನ್ನೂ ಕೇಳಲಿಲ್ಲ. ಯಾವ ಆಸ್ಪತ್ರೆ ಎಂದೂ ಕೇಳದೆ, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಯಾರದೋ ಮೆಟ್ಟಿಕೊಂಡು, ಗೋಂದಿನ ಕೈಯಲ್ಲೇ ಬೀದಿಗೆ ಓಡಿದಳು. ಬಸ್ ನಿಲ್ದಾಣದ ಹತ್ತಿರ ಹಿಂದಿನಿಂದ ಯಾರೋ “ಅಕ್ಕಾ! ಅಕ್ಕಾ, ನಿಲ್ಲೇ!” ಎಂದು ಕೂಗಿದರು. ಕಡ್ಡಿ ಏದುಸಿರು ಬಿಡುತ್ತ ಓಡಿ ಬರುತ್ತಿದ್ದ. ಬೀದಿಯ ಮೂಲೆಯಲ್ಲೇ ನಿಂತು ನೋಡುತ್ತಿದ್ದನಂತೆ.

ಅಕ್ಕ ಅವನ ಕೆನ್ನೆಗೆ ಒಂದು ಬಿಟ್ಟಳು. ನಡುಬೀದಿಯಲ್ಲಿ, ನರೆತ ತಲೆಯ ತಮ್ಮನಿಗೆ. ಆಮೇಲೆ ಅವನ ಎದೆಗೆ ತಲೆ ಒತ್ತಿಕೊಂಡು ಗಳಗಳ ಅತ್ತಳು.

“ತಪ್ಪಾಯ್ತು ಅಕ್ಕ. ಇನ್ನು ಈ ಆಟ ಆಡಲ್ಲ, ನಿನ್ನಾಣೆ,” ಎಂದ ಕಡ್ಡಿ. ಅವನ ಕಣ್ಣಲ್ಲೂ ನೀರಿತ್ತು. “ಆದ್ರೆ ನೋಡು, ಜನ ಬೀಳೋದೇ ಇದರಲ್ಲಿ. ಪೇಪರ್‌ನಲ್ಲಿ ದಿನಾ ಬರುತ್ತೆ. ಇವತ್ತು ಅವಳು ನಂಬರ್ ಕೊಟ್ಟು ಕಳಿಸಿ ಅಂದಿದ್ರೆ ಇದ್ದಬದ್ದದ್ದೆಲ್ಲ ಕಳಿಸಿರ್ತಿದ್ದೆ. ನನಗೊಂದು ಭಾಷೆ ಕೊಡು. ನನಗೆ ಏನೋ ಆಗಿದೆ ಅಂತ ಯಾರೇ ಹೇಳ್ಲಿ, ಫೋನ್ ಇಟ್ಟುಬಿಡು. ಮೊದಲು ನನಗೆ ಮಾಡು.”

“ಹೂಂ,” ಎಂದಳು ಅಕ್ಕ.

“ಹೂಂ ಅಲ್ಲ, ಭಾಷೆ.”

ಗೋಂದು ಮೆತ್ತಿದ ಕೈಯನ್ನು ಅವನ ಕೈಮೇಲಿಟ್ಟಳು.

ಇದಾಗಿ ಏಳು ತಿಂಗಳು ಕಳೆದಿತ್ತು. ಲೈಬ್ರರಿಯವರು ಮುನ್ನೂರು ಹಳೇ ಪುಸ್ತಕ ಕೊಟ್ಟಿದ್ದರು, ಅಕ್ಕನಿಗೆ ತಲೆ ಎತ್ತಲು ಪುರಸೊತ್ತಿರಲಿಲ್ಲ. ಒಂದು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಅಂಟಾದ ಬೆರಳನ್ನು ಸೆರಗಿಗೆ ಒರೆಸಿ ಎತ್ತಿಕೊಂಡಳು.

“ನೀವು ಲಿಫ್ಟ್ ಮೆಕ್ಯಾನಿಕ್ ಅವರ ಅಕ್ಕನಾ? ನಾನು ಆಸ್ಪತ್ರೆ ಎಮರ್ಜೆನ್ಸಿಯಿಂದ ನರ್ಸ್ ಮಾತಾಡ್ತಿರೋದು. ನಿಮ್ಮ ತಮ್ಮನಿಗೆ ಏಟಾಗಿದೆ. ನೀವು ಈಗ್ಲೇ ಹೊರಡ್ಬೇಕು.”

ಅಕ್ಕ ಕೂತಲ್ಲಿಂದ ಅರ್ಧ ಎದ್ದಿದ್ದಳು, ನಿಜ. ಆದರೆ ಮರುಕ್ಷಣವೇ ಪಾಠ ನೆನಪಿಗೆ ಬಂತು. ‘ಈಗಲೇ’ ಎಂದಳಲ್ಲ.

“ಎಷ್ಟು ಕಳಿಸ್ಬೇಕು?” ಎಂದಳು ಅಕ್ಕ.

“ಏನು ಮೇಡಂ?”

“ದುಡ್ಡು. ಎಷ್ಟು ಕಳಿಸ್ಬೇಕು ಅಂತ ಕೇಳ್ದೆ.”

“ಅಡ್ಮಿಷನ್ನಿಗೆ ಸ್ವಲ್ಪ ಕಟ್ಬೇಕಾಗುತ್ತೆ, ಅದು ಆಮೇಲೆ. ಬೇಕಾದ್ರೆ ನೀವೇ...”

“ಬಂತು ನೋಡಿ ಅಸಲಿ ಮಾತು,” ಎಂದು ಅಕ್ಕ ನಡುವೆಯೇ ಕತ್ತರಿಸಿದಳು.

ಕೊಟ್ಟ ಮಾತಿನಂತೆ ತಮ್ಮನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಅದೇನೂ ಹೊಸತಲ್ಲ. ಲಿಫ್ಟ್ ಗುಂಡಿಗೆ ಇಳಿಯುವಾಗ ಅವನು ಫೋನ್ ಆರಿಸಿ ಮೇಲೆ ಚೀಲದಲ್ಲಿಟ್ಟು ಹೋಗುವವನು. ಆದರೂ ಒಂದೆರಡು ನಿಮಿಷ ಕೈಯಲ್ಲಿ ದಾರ ಹಿಡಿದುಕೊಂಡು ಸುಮ್ಮನೆ ಕೂತಳು.

ಮತ್ತೆ ಅದೇ ನಂಬರು.

“ಮೇಡಂ, ದಯವಿಟ್ಟು ಇಡಬೇಡಿ. ಅವರೇ ಮಾತಾಡ್ತೀನಿ ಅಂತಿದ್ದಾರೆ.”

ಗದ್ದಲ, ಯಾವುದೋ ಗಾಲಿ ಉರುಳಿದ ಸದ್ದು. ಆಮೇಲೆ ಒಂದು ದನಿ.

“ಅಕ್ಕ... ಬಾ ಅಕ್ಕ...”

ದನಿ ಕಡ್ಡಿಯದೇ. ಅದು ಅವಳಿಗೆ ಚೆನ್ನಾಗಿ ಗೊತ್ತಾಯಿತು. ಗೊತ್ತಾದದ್ದರಿಂದಲೇ ಅವಳ ಜೀವ ತಣ್ಣಗಾಯಿತು. ಕಳ್ಳರ ಬಳಿ ಇವನ ದನಿ ಎಲ್ಲಿಂದ ಬರಬೇಕು? ಇವನೇ ಯಾವಳನ್ನೋ ಹಿಡಿದು, ಇವನೇ ನರಳುತ್ತ, ಮತ್ತೆ ಪರೀಕ್ಷೆ ಮಾಡುತ್ತಿದ್ದಾನೆ. ಬಾಯಿ ತುಂಬ ನಗು ಬಂತು.

“ಚೆನ್ನಾಗಿ ನರಳ್ತೀಯ ಕಣೋ ಕಡ್ಡಿ! ಯಾವುದಾದ್ರೂ ನಾಟಕದ ಕಂಪನಿ ಸೇರ್ಕೋ. ಈ ಸಲ ನಾನು ಬೀಳಲ್ಲ. ಸಂಜೆ ಬಾ, ಟೀ ನಿಂದೇ.”

ಫೋನ್ ಇಟ್ಟಳು. ಗೋಡೆಯಾಚೆಗಿದ್ದ ಝೆರಾಕ್ಸ್‌ನವನಿಗೆ ಕೇಳುವಂತೆ, “ನಮ್ಮ ಕಡ್ಡಿ ಮತ್ತೆ ಶುರು ಹಚ್ಕೊಂಡ!” ಎಂದು ಕೂಗಿ ಹೇಳಿದಳು. ಅವನೂ ನಕ್ಕ. ಅಕ್ಕ ಬಾಯಲ್ಲಿ ಏನೋ ಗುನುಗಿಕೊಳ್ಳುತ್ತ ಇನ್ನೂ ಎರಡು ಪುಸ್ತಕದ ಬೆನ್ನು ಹೊಲಿದಳು.

ಮೂರನೆಯದಕ್ಕೆ ಬಟ್ಟೆ ಅಂಟಿಸುತ್ತಿರುವಾಗ ಅವಳ ಕೈ ತಾನಾಗಿಯೇ ನಿಂತಿತು. ‘ಇನ್ನು ಈ ಆಟ ಆಡಲ್ಲ, ನಿನ್ನಾಣೆ’ ಎಂದಿದ್ದನಲ್ಲ. ಅವನು ಸುಳ್ಳು ಹೇಳಬಹುದು, ಚೇಷ್ಟೆ ಮಾಡಬಹುದು. ಅಕ್ಕನ ಮೇಲೆ ಆಣೆ ಇಟ್ಟು ಯಾವತ್ತೂ ಮುರಿದವನಲ್ಲ. ಚಿಕ್ಕವನಿದ್ದಾಗಲೂ ಮುರಿದವನಲ್ಲ.

ಅವನಿಗೆ ಮಾಡಿದಳು. ಸ್ವಿಚ್ ಆಫ್. ಇನ್ನೊಮ್ಮೆ ಮಾಡಿದಳು. ಆ ಗೊತ್ತಿಲ್ಲದ ನಂಬರಿಗೆ ಮಾಡಿದಳು. ಅದು ರಿಂಗಾಗುತ್ತಲೇ ಇತ್ತು, ಎತ್ತುವವರಿಲ್ಲ. ಯಾವ ಆಸ್ಪತ್ರೆ ಎಂದು ಈ ಸಲವೂ ಕೇಳಿರಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಬೈಕ್ ನಿಂತ ಸದ್ದು. ಕಡ್ಡಿಯ ಕಂಪನಿಯ ಸೂಪರ್‌ವೈಸರ್ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತಿದ್ದ. ಷರ್ಟಿನ ತೋಳಿನ ಮೇಲೆ ಕಂದು ಕಲೆ.

“ಅಮ್ಮ, ನೀವಿನ್ನೂ ಇಲ್ಲೇ ಇದ್ದೀರಾ?” ಎಂದ. “ಆಸ್ಪತ್ರೆಯಿಂದ ಫೋನ್ ಮಾಡಿದ್ರಂತಲ್ಲ?”

ಅವನ ಬೈಕಿನ ಹಿಂದೆ ಕೂತು ಹೋದ ದಾರಿ ಅಕ್ಕನಿಗೆ ನೆನಪಿಲ್ಲ. ಅವನು ಗಾಳಿಯಲ್ಲಿ ಕೂಗಿ ಹೇಳಿದ್ದಷ್ಟು ನೆನಪಿದೆ. ಆರನೇ ಮಹಡಿಯಲ್ಲಿ ಕೆಲಸ ಮಾಡುವಾಗ ನಿಂತ ಹಲಗೆ ಜಾರಿತು, ಮೂರು ಮಹಡಿ ಕೆಳಗೆ ನಿಂತಿದ್ದ ಲಿಫ್ಟಿನ ಮೇಲೆ ಬಿದ್ದ, ಜೇಬಿನಲ್ಲಿದ್ದ ಫೋನ್ ಚೂರಾಯಿತು, ದಾರಿಯುದ್ದಕ್ಕೂ ಎಚ್ಚರ ಇತ್ತು, ಅಕ್ಕನ ನಂಬರನ್ನು ತಾನೇ ಬಾಯಿಂದ ಹೇಳಿದ. ಅವತ್ತು ಒಂದೇ ಒಂದು ದಿನ ಅವನು ಫೋನನ್ನು ಚೀಲದಲ್ಲಿಟ್ಟಿರಲಿಲ್ಲ.

ಎಮರ್ಜೆನ್ಸಿಯ ಬಾಗಿಲಲ್ಲಿ ತಡೆದವಳು ಒಬ್ಬ ಎತ್ತರದ ನರ್ಸ್. ಅಕ್ಕ ಬಾಯಿ ತೆರೆದು “ನನ್ನ ತಮ್ಮ” ಎಂದದ್ದೇ, ಆ ನರ್ಸ್‌ಗೆ ದನಿಯ ಗುರುತು ಸಿಕ್ಕಿಬಿಟ್ಟಿತು. ಅದು ಅವಳ ಮುಖದಲ್ಲೇ ಕಂಡಿತು.

“ಅವರು ಹೋಗಿ ಮುಕ್ಕಾಲು ಗಂಟೆ ಆಯ್ತು ಮೇಡಂ,” ಎಂದಳು.

ಅಂಗಡಿಯಿಂದ ಆಸ್ಪತ್ರೆಗೆ ಬಸ್ಸಿನಲ್ಲಿ ಬಂದರೂ ಅರ್ಧ ಗಂಟೆ. ಎರಡನೇ ಸಲ ಫೋನ್ ಬಂದಾಗ ಎದ್ದಿದ್ದರೂ ಸಾಕಿತ್ತು. ಅವನ ಮುಖ ನೋಡಲು ಹೋಗುವಾಗಲೂ ಅಕ್ಕನ ತಲೆಯಲ್ಲಿ ಅದೊಂದೇ ಓಡುತ್ತಿತ್ತು, ಎದ್ದಿದ್ದರೂ ಸಾಕಿತ್ತು, ಎದ್ದಿದ್ದರೂ ಸಾಕಿತ್ತು. ಹಣೆಯ ಒಂದು ಗೀರು ಬಿಟ್ಟರೆ ಮುಖಕ್ಕೆ ಏನೂ ಆಗಿರಲಿಲ್ಲ. ಅಕ್ಕ ಅವನ ಕೂದಲನ್ನು ಬೆರಳಲ್ಲೇ ಬಾಚಿದಳು. ಬೆರಳಿನ ಗೋಂದು ಒಣಗಿತ್ತು, ಒಂದೆರಡು ಕೂದಲು ಅಂಟಿಕೊಂಡು ಬಂದವು. ಅಯ್ಯೋ ನೋವಾಯ್ತೇನೋ ಎಂದು ಕೈ ಹಿಂದಕ್ಕೆ ಎಳೆದುಕೊಂಡಳು.

ಅವನನ್ನು ಕಳಿಸಿಕೊಟ್ಟ ಮೇಲೆ ಜನ ಬಂದರು, ಹೋದರು. ನಿನ್ನದೇನೂ ತಪ್ಪಿಲ್ಲ ಎಂದು ಎಲ್ಲರೂ ಹೇಳಿದರು. ಹೊಟ್ಟೆಯೊಳಗೇ ಅಷ್ಟು ಗಾಯವಾಗಿತ್ತು, ನೀನು ಬಂದಿದ್ದರೂ ಉಳಿಯುತ್ತಿರಲಿಲ್ಲ ಎಂದು ಸೂಪರ್‌ವೈಸರ್ ಡಾಕ್ಟರನ್ನು ಕೇಳಿಕೊಂಡು ಬಂದು ಹೇಳಿದ. ಅಕ್ಕ ತಲೆಯಾಡಿಸಿದಳು. ಅವಳು ಕೇಳುತ್ತಿದ್ದದ್ದು ಉಳಿಸುವ ಮಾತನ್ನಲ್ಲ. ‘ಬಾ ಅಕ್ಕ’ ಎಂದಿದ್ದ. ಅಷ್ಟನ್ನೇ ಕೇಳಿದ್ದ. ಹುಟ್ಟಿದಾಗಿನಿಂದ ಅವನು ಕರೆದರೆ ಹೋಗದೇ ಇದ್ದದ್ದು ಅದೊಂದೇ ಸಲ.

ಎರಡು ವಾರ ಕಳೆದು ಒಬ್ಬ ಹೆಂಗಸು ಅಂಗಡಿಗೆ ಬಂದಳು. ಯಾವುದೋ ದೊಡ್ಡ ಕಟ್ಟಡದಲ್ಲಿ ಕಸ ಗುಡಿಸುವವಳು. ಒಳಗೆ ಬರಲೂ ಹಿಂಜರಿದು, ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತು, “ಆ ಮೊದಲನೇ ಸಲ ನರ್ಸ್ ಅಂತ ಮಾತಾಡಿದ್ದು ನಾನೇ ಅಕ್ಕ. ಅಣ್ಣ ಕೇಳ್ಕೊಂಡ್ರು ಅಂತ,” ಎಂದವಳೇ ಕುಸಿದು ಕೂತು ಅಳತೊಡಗಿದಳು. ಅಕ್ಕನಿಗೆ ಒಂದು ಗಳಿಗೆ ಕೈಗೆ ಸಿಕ್ಕಿದ್ದನ್ನು ಎತ್ತಿ ಅವಳ ಮೇಲೆ ಎಸೆಯಬೇಕು ಅನ್ನಿಸಿತು. ಆಮೇಲೆ ಎದ್ದು ಹೋಗಿ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತಳು.

“ಏನು ಹೇಳ್ಕೊಟ್ಟಿದ್ದ ನಿಮಗೆ?”

“ಹೀಗೆ ಹೀಗೆ ಹೇಳಿ ಅಂತ ನಾಲ್ಕು ಸಲ ಹೇಳ್ಸಿದ್ರು ಅಕ್ಕ. ಹೇಳ್ಸಿ, ನನ್ನ ಕೈಗೆ ವಾಚ್‌ಮನ್ ಫೋನ್ ಕೊಟ್ಟು, ‘ಬೇಡ ಬಿಡಿ, ಹೆದರ್ಕೊಂಡುಬಿಡ್ತಾಳೆ’ ಅಂದ್ರು. ಮತ್ತೆ ‘ಇಲ್ಲ, ನಾನು ಅಂಗಡಿ ಬೀದಿಗೆ ಹೋದ್ಮೇಲೆ ಮಾಡಿ, ನಾನಿಲ್ಲದಿದ್ದಾಗ ಯಾರಾದ್ರೂ ಟೋಪಿ ಹಾಕಿದ್ರೆ ಅವಳಿಗೆ ಯಾರಿದ್ದಾರೆ’ ಅಂದ್ರು. ಮಾರನೇ ದಿನ ಬಂದು ಎಲ್ಲರಿಗೂ ಕೆನ್ನೆ ತೋರಿಸಿದ್ರು. ‘ನೋಡ್ರೋ, ನಮ್ಮಕ್ಕ ಹೊಡೆದಿರೋದು’ ಅಂತ, ಏನೋ ಬಹುಮಾನ ಬಂದೋರ ಥರ.”

ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹೊರಡುವಾಗ ಅಕ್ಕ ಅವಳಿಗೆ, “ಮತ್ತೆ ಬನ್ನಿ,” ಎಂದಳು. ಬಾಯಿಮಾತಿಗೆ ಹೇಳಿದ್ದಲ್ಲ.

ಆಮೇಲಿನ ದಿನಗಳಲ್ಲಿ ಅಕ್ಕನಿಗೆ ಯಾವ ಫೋನನ್ನೂ ಇಡಲು ಆಗುತ್ತಿರಲಿಲ್ಲ. ಸೈಟು ಮಾರುವವರು, ಸಾಲ ಕೊಡುವವರು, ಬಹುಮಾನ ಬಂದಿದೆ ಎನ್ನುವವರು, ಯಾರು ಮಾಡಿದರೂ ಕೊನೆಯವರೆಗೆ ಕೇಳುವಳು. ಎಲ್ಲಿಂದ ಮಾಡ್ತಿದ್ದೀರಾ, ಅಲ್ಲಿ ಯಾರಿಗಾದ್ರೂ ಏನಾದ್ರೂ ಆಗಿದೆಯಾ ಎಂದು ಕೇಳುವಳು. ಒಂದು ದಿನ ಯಾವನೋ ಒಬ್ಬ ಅವಳ ಬಾಯಿಂದ ಬ್ಯಾಂಕಿನ ಹೆಸರು ಹೇಳಿಸಿ, ಕಾರ್ಡಿನ ನಂಬರಿಗೆ ಬಂದಿದ್ದ. ಝೆರಾಕ್ಸ್‌ನವನು ಗೋಡೆಯಾಚೆಯಿಂದ ಕೇಳಿಸಿಕೊಂಡು ಓಡಿ ಬಂದು ಫೋನ್ ಕಿತ್ತುಕೊಂಡ.

“ಅಕ್ಕ, ಏನು ಮಾಡ್ತಿದ್ದೀರಾ? ಅಣ್ಣ ಅಷ್ಟು ಹೇಳ್ಕೊಟ್ಟಿದ್ರಲ್ಲ!”

“ನಿಜವಾಗಿದ್ರೆ?” ಎಂದಳು ಅಕ್ಕ.

ಅವನು ತಲೆ ಕೆರೆದುಕೊಂಡು, “ನಿಜಾನೋ ಸುಳ್ಳೋ, ಮೊದಲು ಇಡಿ. ಆಮೇಲೆ ಆ ಬ್ಯಾಂಕಿಂದೋ ಆಸ್ಪತ್ರೆದೋ ಸರಿಯಾದ ನಂಬರ್ ಹುಡುಕಿ ನೀವೇ ಮಾಡಿ. ನಾನು ಹುಡುಕಿ ಕೊಡ್ತೀನಿ. ಹತ್ತು ಸಲ ಕೇಳಿದ್ರೂ ಹುಡುಕಿ ಕೊಡ್ತೀನಿ,” ಎಂದ.

ಇಷ್ಟು ಸಣ್ಣ ಮಾತು ಅವಳಿಗಾಗಲಿ, ಅಷ್ಟೆಲ್ಲ ಪಾಠ ಹೇಳಿದ ಕಡ್ಡಿಗಾಗಲಿ ಯಾಕೆ ಹೊಳೆಯಲಿಲ್ಲ? ಇಡು ಎಂದು ಹೇಳಿಕೊಟ್ಟ. ನನಗೆ ಮಾಡು ಎಂದು ಹೇಳಿಕೊಟ್ಟ. ತಾನು ಫೋನ್ ಎತ್ತಲಾಗದ ದಿನವೂ ಬಂದೀತು ಎಂದು ಅವನು ಎಣಿಸಿರಲಿಲ್ಲ. ಅವಳೂ ಎಣಿಸಿರಲಿಲ್ಲ.

ಮಾರನೇ ದಿನ ಅಕ್ಕ ಅಂಗಡಿಗೆ ಬಾಗಿಲು ಹಾಕಿ ಆಸ್ಪತ್ರೆಗೆ ಹೋದಳು. ಎತ್ತರದ ನರ್ಸ್ ಪಾಳಿ ಬದಲಾಗುವವರೆಗೆ ಕಾದು, ಅವಳು ಹೊರಗೆ ಬಂದಾಗ ಎದ್ದು ನಿಂತಳು. ನರ್ಸ್‌ಗೆ ಕೂಡಲೇ ಗುರುತು ಹತ್ತಿತು. ಕಾರಿಡಾರಿನ ಸಾಲುಕುರ್ಚಿಯಲ್ಲಿ ಅಕ್ಕನನ್ನು ಕೂರಿಸಿ ತಾನೂ ಕೂತಳು.

“ನಾನು ಬೈಯೋಕೆ ಬಂದಿಲ್ಲಮ್ಮ,” ಎಂದಳು ಅಕ್ಕ.

“ಗೊತ್ತು ಮೇಡಂ. ನನಗೇ ನಿದ್ದೆ ಬರ್ತಿರಲಿಲ್ಲ. ಆಸ್ಪತ್ರೆ ನಂಬರಿಗೆ ನೀವೇ ಮಾಡಿ ಕೇಳಿ ಅಂತ ಹೇಳೋಕೆ ಹೊರಟಿದ್ದೆ, ಅಷ್ಟರಲ್ಲಿ ಇಟ್ಟುಬಿಟ್ರಿ. ಎರಡನೇ ಸಲ ಅದನ್ನೇ ಮೊದಲು ಹೇಳ್ಬೇಕಿತ್ತು. ಈಗೆಲ್ಲ ಅದನ್ನೇ ಮೊದಲು ಹೇಳ್ತೀನಿ, ಯಾರಿಗೆ ಮಾಡಿದ್ರೂ.”

ಅಕ್ಕ ತನ್ನ ಅಂಗೈ ನೋಡಿಕೊಂಡಳು.

“ನಾನು ಆಡಿದ ಮಾತು ಅವನಿಗೆ ಕೇಳಿಸ್ತಾ?”

“ಕೇಳಿಸ್ತು. ನಾನು ಫೋನನ್ನ ಅವರ ಕಿವಿಗೇ ಹಿಡಿದಿದ್ದೆ.”

“ಏನಂದ?”

“ನಕ್ಕರು.” ನರ್ಸ್ ತಾನೂ ನಗಲು ನೋಡಿದಳು, ಆಗಲಿಲ್ಲ. “ನಗೋಕೆ ಹೋಗಿ ಕೆಮ್ಮು ಬಂತು. ‘ಇನ್ನೊಂದ್ಸಲ ಮಾಡ್ಲಾ ಅಣ್ಣ?’ ಅಂತ ಕೇಳ್ದೆ. ‘ಬೇಡ ಸಿಸ್ಟರ್, ಮತ್ತೆ ಇಟ್ಟುಬಿಡ್ತಾಳೆ. ನಾನೇ ಹೇಳ್ಕೊಟ್ಟಿರೋದು. ಚೆನ್ನಾಗಿ ಕಲ್ತಿದ್ದಾಳೆ’ ಅಂದ್ರು.”

“ಆಮೇಲೆ?”

“ನೀರು ಕೇಳಿದ್ರು. ಕುಡಿಸೋ ಹಾಗಿರಲಿಲ್ಲ. ಹತ್ತಿ ಅದ್ದಿ ತುಟಿ ಒರೆಸ್ದೆ.”

“ನೋವಿತ್ತಾ?”

“ಇಂಜೆಕ್ಷನ್ ಕೊಟ್ಟಿದ್ವಿ. ಅಷ್ಟಿರಲಿಲ್ಲ.”

ಎದುರಿನ ಬಾಗಿಲಿಂದ ಒಂದು ಸ್ಟ್ರೆಚರ್ ಹೋಯಿತು. ಅದು ತಿರುವು ದಾಟುವವರೆಗೂ ಅಕ್ಕ ನೋಡಿದಳು.

“ಬಾಗಿಲ ಕಡೆ ನೋಡ್ತಿದ್ನಾ?” ಎಂದು ಅಕ್ಕ ಕೇಳಿದಳು.

ನರ್ಸ್ ಕೊರಳಲ್ಲಿದ್ದ ಗುರುತಿನ ಚೀಟಿಯನ್ನು ತಿರುಗಿಸಿ ಮತ್ತೆ ನೆಟ್ಟಗೆ ಮಾಡಿಕೊಂಡಳು.

“ಅದು ನಾನು ಗಮನಿಸ್ಲಿಲ್ಲ ಮೇಡಂ. ಬೇರೆ ಪೇಷೆಂಟ್ ಹತ್ರ ಹೋಗಿದ್ದೆ.”

ಅಕ್ಕನಿಗೆ ಅರ್ಥವಾಯಿತು. ಇಷ್ಟು ಹೊತ್ತು ಒಂದೊಂದು ಮಾತನ್ನೂ ನೆನಪಿಟ್ಟು ಹೇಳಿದವಳು ಇದೊಂದನ್ನು ಗಮನಿಸದೆ ಇರಲು ಸಾಧ್ಯವಿಲ್ಲ. ನರ್ಸ್‌ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, “ತುಟಿ ಒರೆಸಿದ್ರಲ್ಲ, ಅಷ್ಟು ಸಾಕಮ್ಮ,” ಎಂದಳು. ನರ್ಸ್ ತಲೆ ತಗ್ಗಿಸಿಕೊಂಡು ಎದ್ದು ಹೋದಳು.

ಅಕ್ಕ ಏಳಲಿಲ್ಲ. ಅಲ್ಲೇ ಕೂತಳು. ಎರಡು ಕುರ್ಚಿ ಆಚೆ ಚೀಲ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದ ವಯಸ್ಸಾದ ಹೆಂಗಸೊಬ್ಬಳು ಇವಳ ಕಡೆಗೆ ಬಾಗಿದಳು.

“ನಿಮ್ಮವರು ಯಾರಮ್ಮ ಒಳಗಿರೋದು?”

“ತಮ್ಮ,” ಎಂದಳು ಅಕ್ಕ.

“ಹೆದರ್ಬೇಡಿ. ಇಲ್ಲಿ ಚೆನ್ನಾಗಿ ನೋಡ್ಕೋತಾರೆ. ನೀವು ಬಂದಿದ್ದೀರಿ ಅಂತ ಗೊತ್ತಾದ್ರೆ ಅವರಿಗೂ ಅರ್ಧ ಜೀವ ಬಂದ ಹಾಗಾಗುತ್ತೆ.”

“ಹೂಂ,” ಎಂದಳು ಅಕ್ಕ. ಆ ಹೆಂಗಸು ಚೀಲದಿಂದ ನೀರಿನ ಬಾಟಲಿ ತೆಗೆದು ಅವಳ ಕೈಗಿತ್ತಳು. ಅಕ್ಕ ಅದನ್ನು ಹಿಡಿದುಕೊಂಡು ಎಮರ್ಜೆನ್ಸಿಯ ಬಾಗಿಲನ್ನೇ ನೋಡುತ್ತ ಕೂತಳು.